ಸೂತಕಕ್ಕೆ ಇಳಿಸಿದ ದನಿ

ಮುದಗಲ್ಲು
ವೈಶಾಖದ ಐವತ್ತೊಂದನೆಯ ದಿನ, ಬಂಡೆಯ ಕೆಳಗಿಳಿದ ಇನ್ನೂರನೆಯ ವರ್ಷ

ಹಿಂದಿನ ಕಾಲದವರಿಗೆ ಹಂಪಮ್ಮನ ನಮಸ್ಕಾರ. ತಾರೀಖು ನೋಡಿ ನಗಬೇಡಿ. ಬಿಸಿಲು ತಾಳದೆ ನಾವು ಬಂಡೆಯ ಕೆಳಗೆ ಊರು ಮಾಡಿಕೊಂಡು ಇನ್ನೂರು ವರ್ಷವಾಯಿತು. ಬೇಸಿಗೆ ಮುಗಿಯದೆ ತಿಂಗಳನ್ನು ಮುಗಿಸಬಾರದೆಂದು ನಮ್ಮವರು ತೀರ್ಮಾನಿಸಿದ್ದಾರೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ.

ನಾನು ಇಲ್ಲಿನ ಕರೆಮನೆಯನ್ನು ನೋಡಿಕೊಳ್ಳುವವಳು. ಕರೆಮನೆಯೆಂದರೆ ಇಡೀ ಊರಿಗಿರುವ ಒಂದೇ ಫೋನಿನ ಕೋಣೆ. ನಿಮ್ಮ ಕಾಲದ ಕಂಪ್ಯೂಟರೊಂದು ಅದನ್ನು ನಡೆಸುತ್ತದೆ. ಪರದೆಯ ಮೇಲೆ ಎರಡು ಗೆರೆಗಳಿವೆ: ಮೇಲಿನದು ನಾವು ಕೇಳುವ ದನಿ, ಕೆಳಗಿನದು ನಾವು ಕಳಿಸುವ ದನಿ. ಗೆರೆಯ ಮೇಲಿನ ಗುಂಡಿಯನ್ನು ಬಲಕ್ಕೆ ಸರಿಸಿದರೆ ದನಿ ಏರುತ್ತದೆ, ಎಡಕ್ಕೆ ಸರಿಸಿದರೆ ಇಳಿಯುತ್ತದೆ. ಇಷ್ಟು ಸುಲಭದ ಕೆಲಸಕ್ಕೂ ನಮ್ಮವರು ಒಂದು ಶಾಸ್ತ್ರ ಹಚ್ಚಿದ್ದಾರೆ. ಯಾರಾದರೂ ಸತ್ತರೆ ಸೂತಕವೆಂದು ಕಳಿಸುವ ದನಿಯನ್ನು ಒಂದು ಚೂರು ಇಳಿಸಬೇಕು. ಸೂತಕ ಕಳೆದ ಮೇಲೆ ಸತ್ತವರ ಮನೆಯವರೇ ಬಂದು ಅದನ್ನು ಏರಿಸಬೇಕು, ಬೇರೆಯವರು ಮುಟ್ಟುವಂತಿಲ್ಲ. ಏರಿಸಿದ ದಿನ ಆ ಮನೆಯವರು ಎಲ್ಲರಿಗೂ ಬೆಲ್ಲ ಹಂಚುತ್ತಿದ್ದರು.

ಈ ವರ್ಷ ಜ್ವರ ಬಂತು. ಮನೆಗೆ ಮನೆಯೇ ಖಾಲಿಯಾಯಿತು. ಇಳಿಸುವುದಕ್ಕೆ ನಾನಿದ್ದೆ, ಏರಿಸುವುದಕ್ಕೆ ಯಾರೂ ಉಳಿಯಲಿಲ್ಲ. ಗುಂಡಿ ಎಡತುದಿಗೆ ಬಂದು ನಿಂತಿತು.

ನನ್ನ ಮಗಳು ದ್ಯಾಮವ್ವನನ್ನು ಕಾರವಾರಕ್ಕೆ ಕೊಟ್ಟಿದ್ದೇನೆ. ಅವಳೀಗ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರುವ ಪದ್ಧತಿಯನ್ನು ನಾವಿನ್ನೂ ಬಿಟ್ಟಿಲ್ಲ, ಜ್ವರದ ಸುದ್ದಿಯೂ ಅವಳಿಗೆ ಮುಟ್ಟಿಲ್ಲ. ದಿನಾ ಕರೆ ಮಾಡುತ್ತಿದ್ದಳು.

“ಯವ್ವಾ, ಬರ್ಲೋ ಬ್ಯಾಡೋ? ಒಂದು ಮಾತು ಹೇಳಬೇ.”

ಬರಬೇಡ, ಬಂದರೆ ನೀನೂ ಉಳಿಯುವುದಿಲ್ಲ, ಕೂಸೂ ಉಳಿಯುವುದಿಲ್ಲ ಎಂದು ನಾನು ಅರಚುತ್ತಿದ್ದೆ. ಅವಳು ಉಸಿರು ಬಿಡುವುದೂ ನನಗೆ ಕೇಳುತ್ತಿತ್ತು. ನನ್ನ ಅರಚಾಟ ಅವಳಿಗೆ ಕೇಳುತ್ತಿರಲಿಲ್ಲ. ಊರ ಹಿರಿಯ ಮುದಕಪ್ಪಜ್ಜನ ಕಾಲಿಗೆ ಬಿದ್ದೆ. ಮೂರು ಹೆಜ್ಜೆ ನಡೆಯಲು ಇಬ್ಬರ ಆಸರೆ ಬೇಕಾದ ಮುದುಕ ಶಾಸ್ತ್ರದ ವಿಷಯಕ್ಕೆ ಮಾತ್ರ ನೆಟ್ಟಗೆ ಎದ್ದು ನಿಂತ.

“ಸತ್ತೋರ ಮನಿ ದನಿ ಏರ್ಸಾಕ ನೀ ಯಾರಬೇ?”

ನಿನ್ನೆ ಮತ್ತೆ ಕರೆ ಬಂತು. “ಸಿಟ್ಟಾಗೀ ಏನವ್ವ? ಇರ್ಲಿ, ನಾನೇ ಬರ್ತೀನಿ.”

ಹಾಳಾಗಲಿ ಶಾಸ್ತ್ರವೆಂದು ಗುಂಡಿಯನ್ನು ಬಲತುದಿಗೆ ತಳ್ಳಿದೆ. ಅಷ್ಟರಲ್ಲಿ ಕರೆ ಕಡಿದಿತ್ತು. ಮತ್ತೆ ಲೈನು ಸಿಗುವ ಹೊತ್ತಿಗೆ ಎತ್ತಿದವಳು ಆ ಊರಿನ ಕರೆಮನೆಯ ಹೆಂಗಸು.

“ಅಬ್ಬಾ, ನಿಮ್ಮ ದನಿ ಎಷ್ಟು ಚಂದ ಕೇಳ್ತದೆ ಇವತ್ತು! ದ್ಯಾಮವ್ವ ಈಗಷ್ಟೇ ಗಾಡಿ ಹತ್ತಿದ್ಲಲ್ಲ.”

ಹಿಂದಿನವರೇ, ನಿಮ್ಮಲ್ಲಿ ಒಂದು ಬೇಡಿಕೆ. ಈ ಶಾಸ್ತ್ರದ ಬೀಜ ನಿಮ್ಮ ಕಾಲದಲ್ಲೇ ಎಲ್ಲೋ ಬಿದ್ದಿರಬೇಕು. ದುಃಖಕ್ಕೆ ದನಿ ಇಳಿಸುವುದಾದರೆ ಇಳಿಸಿ. ಏರಿಸುವ ಹಕ್ಕನ್ನು ಮಾತ್ರ ಪಕ್ಕದ ಮನೆಯವರಿಗೂ ಕೊಡಿ. ನೀವು ಕೊಟ್ಟರೂ ಅದು ನಮ್ಮವರೆಗೆ ಬಂದು ಮುಟ್ಟುತ್ತದೆಂಬ ನಂಬಿಕೆ ನನಗಿಲ್ಲ. ಆದರೂ ಬರೆದಿದ್ದೇನೆ.

ಈಗ ಊರಬಾಗಿಲಿಗೆ ಹೋಗಿ ಕೂರುತ್ತೇನೆ. ಗಾಡಿ ಕಂಡ ಕೂಡಲೇ ದೂರದಿಂದಲೇ ಕೂಗಿ ಮಗಳನ್ನು ತಿರುಗಿಸಿ ಕಳಿಸಬೇಕು, ಹತ್ತಿರ ಹೋಗುವಂತಿಲ್ಲ. ಬೆಳಿಗ್ಗೆಯಿಂದ ನನಗೂ ಜ್ವರ. ದನಿ ಕಟ್ಟಿದೆ.

ಹಂಪಮ್ಮ