ಬಾಗಿಲಿನಿಂದ ಬಾವಿಯವರೆಗೆ ಕಟ್ಟಿದ ಹಗ್ಗ

ತೂಬಗೆರೆ
೧೪–೨–೧೯೪೬

ಅಣ್ಣ ಕೊಂಡಪ್ಪನಿಗೆ,

ತಂಗಿ ಅನುಸೂಯ ಬರೆಯುವುದು. ನಿನ್ನ ಕ್ಷೇಮ ಕೇಳುವುದಿಲ್ಲ. ಹೊಸಕೋಟೆಯಲ್ಲಿ ಹೆಂಡತಿ ಮಕ್ಕಳ ಜೊತೆ ನೀನು ಕ್ಷೇಮವಾಗಿಯೇ ಇರುತ್ತೀಯ. ಹಾಗಿರುವುದಕ್ಕೆ ಏನು ಮಾಡಿದೆ ಎಂಬುದು ಮೊನ್ನೆ ತಿಳಿಯಿತು.

ಸೋಮವಾರ ಅಪ್ಪ ದುಡಿದ ಚಿನ್ನದ ಗಣಿಯ ಊರಿಗೆ ಹೋಗಿದ್ದೆವು. ಅಲ್ಲಿ ಹಾವು, ಹುತ್ತ ಬಿಟ್ಟರೆ ಏನೂ ಇಲ್ಲವೆಂದು ಹನ್ನೆರಡು ವರ್ಷ ನಮ್ಮನ್ನು ತಡೆದವನು ನೀನು. ಅಪ್ಪ ಸತ್ತ ಜಾಗದಲ್ಲಿ ಒಂದು ದೀಪ ಹಚ್ಚಿ ಬರೋಣವೆಂದು ಈ ಸಲ ನಿನಗೆ ಹೇಳದೆ ಹೊರಟೆವು. ದೇವನಹಳ್ಳಿಯಲ್ಲಿ ರೈಲು ಹತ್ತಿ ಬೌರಿಂಗ್‌ಪೇಟೆಯಲ್ಲಿ ಇಳಿದು, ಮುಂದಕ್ಕೆ ಎತ್ತಿನ ಗಾಡಿ.

ಚಿನ್ನ ಸಿಕ್ಕಿತೆಂಬ ಸುದ್ದಿಗೆ ಒಂದೇ ವರ್ಷದಲ್ಲಿ ಎದ್ದ ಊರಂತೆ. ಈಗ ಬಿಳಿ ದೊರೆಗಳ ಬಂಗಲೆಗೆ ಸೂರಿಲ್ಲ. ಅವರು ಕುಣಿಯುತ್ತಿದ್ದ ಕ್ಲಬ್ಬಿನ ನೆಲದ ಮೇಲೆ ಮೇಕೆಗಳು ಮಲಗಿದ್ದವು. ಗಣಿಯ ಬಾಯಿಗೆ ಜಾಲಿಮುಳ್ಳು ಮುಚ್ಚಿದ್ದಾರೆ. ಕಲ್ಲು ಅರೆದು ಚೆಲ್ಲಿದ ಬೂದು ಮಣ್ಣು ಗುಡ್ಡದಷ್ಟಿದೆ, ಅದರ ಮೇಲೆ ಒಂದು ಹುಲ್ಲುಕಡ್ಡಿಯೂ ಹುಟ್ಟಿಲ್ಲ.

ಮುಳ್ಳಿನ ಪಕ್ಕ ದೀಪ ಹಚ್ಚುವಾಗ ಅಲ್ಲಿನ ಕಾವಲುಗಾರನ ಹೆಂಡತಿ ದ್ಯಾವಮ್ಮ ಎಂಬ ಮುದುಕಿ ಬಂದಳು. ಯಾರಿಗೆ ದೀಪ ಎಂದು ಕೇಳಿದಳು. ಮೂವತ್ತನಾಲ್ಕರಲ್ಲಿ ಸುರಂಗ ಕುಸಿದು ಸತ್ತ ದೊಡ್ಡಬೀರಪ್ಪನಿಗೆ, ನಾನು ಅವರ ಮಗಳು ಎಂದೆ.

"ಸತ್ರು ಅಂತ ಯಾರವ್ವಾ ಹೇಳಿದ್ದು?" ಅಂದಳು. "ಕಣ್ಣು ಹೋಗಿತ್ತು, ಜೀವ ಎಲ್ಲೋಗಿತ್ತು? ಗಣಿ ಮುಚ್ಚಿದ್ಮೇಲೂ ನಮ್ಮ ಪಕ್ಕದ ಮನೇಲೇ ಇದ್ರು. ನಾನೇ ಮುದ್ದೆ ಹಾಕ್ತಿದ್ದೆ. ಅವರು ತೀರ್ಕೊಂಡು ನಾಕು ವರ್ಸ ಆಯ್ತು."

ಎಂಟು ವರ್ಷ ಬದುಕಿದ್ದರು, ಅಣ್ಣ! ಸುದ್ದಿ ಬಂದಾಗ ಒಬ್ಬನೇ ಓಡಿದವನು ನೀನು. ಹೆಣವೂ ಸಿಗಲಿಲ್ಲ ಎಂದು ತಲೆ ಬೋಳಿಸಿಕೊಂಡು ಬಂದವನು ನೀನು. ಅವ್ವನ ಬಳೆ ಒಡೆಸಿ, ಊರಿಗೆಲ್ಲ ತಿಥಿಯ ಊಟ ಹಾಕಿದೆ. ಅವತ್ತು ಅಪ್ಪ ಯಾರ ಮನೆಯ ಮುದ್ದೆಗೆ ಕೈಯೊಡ್ಡಿ ಕೂತಿದ್ದರು?

ದ್ಯಾವಮ್ಮ ಅವರ ಕೋಣೆ ತೋರಿಸಿದಳು. ಬಾಗಿಲಿನಿಂದ ಬಾವಿಯವರೆಗೆ ಕತ್ತಾಳೆ ನಾರಿನ ಹಗ್ಗ ಕಟ್ಟಿದೆ. ನೀರಿಗೆ ಹೋಗಲು ಅಪ್ಪನೇ ಹೊಸೆದದ್ದು. ಅವರ ಕೈ ಸವರಿ ಸವರಿ ಅದು ನುಣ್ಣಗಾಗಿದೆ. ಅದನ್ನು ಹಿಡಿದು ಬಾವಿಯವರೆಗೆ ನಡೆದೆ.

ನೀನು ಆಡಿದ ಮಾತನ್ನೂ ಅವಳು ಹೇಳಿದಳು. "ಹೆಣ್ಣು ಗೊತ್ತಾಗೈತೆ, ಕುರುಡ ಅಪ್ಪ ಮನೇಲಿದ್ರೆ ಕೊಡಲ್ಲ ಅಂತ ನನ್ನತ್ರ ಅತ್ತ. ಒಳಗೋಗಿ ಅವರಿಗೆ, ಅವ್ವ ಪ್ಲೇಗಲ್ಲಿ ಹೋಗ್ಬಿಟ್ಲು, ನೋಡ್ಕೊಳ್ಳೋರು ಯಾರೂ ಇಲ್ಲ ಅಂದ. ಮಗಳ ಸಂಸಾರಕ್ಕೆ ಭಾರ ಆಗ್ಬಾರ್ದು ಅಂತ ಅವರೂ ಇಲ್ಲೇ ಉಳಿದ್ರು."

ಗಂಡನಿಗೆ ಹೆಂಡತಿ ಸತ್ತಳೆಂದೆ, ಹೆಂಡತಿಗೆ ಗಂಡ ಸತ್ತನೆಂದೆ. ಆಮೇಲೆ ನಿನ್ನ ಮದುವೆಯಲ್ಲಿ, ವಿಧವೆ ಹಸೆಮಣೆಯ ಹತ್ತಿರ ಬರಬಾರದೆಂದು ಅವ್ವನನ್ನು ಹಿತ್ತಿಲಲ್ಲಿ ಕೂರಿಸಿದೆ. ಮಗನ ತಲೆಗೆ ಒಂದು ಅಕ್ಷತೆ ಕಾಳು ಹಾಕಲೂ ಬಿಡಲಿಲ್ಲ. ನಿನ್ನ ಬಾಯಿಗೆ ಹುಳ ಬೀಳಲಿಲ್ಲವಲ್ಲ!

ಬರುವ ಭಾನುವಾರದೊಳಗೆ ತೂಬಗೆರೆಗೆ ಬಾ. ಅವ್ವನ ಎದುರು ಕೂತು ನಿನ್ನ ಬಾಯಿಂದಲೇ ಹೇಳು. ಬರದಿದ್ದರೆ ನಾನೇ ಹೊಸಕೋಟೆಗೆ ಬಂದು, ನಿನ್ನ ಅತ್ತೆ ಮಾವನನ್ನು ಬೀದಿಗೆ ಕರೆದು ಹೇಳುತ್ತೇನೆ.

ಬೇಡವೆಂದರೂ ನಿನ್ನ ಒಡಹುಟ್ಟಿದವಳಾದ,
ಅನುಸೂಯಮ್ಮ

ವಿ. ಸೂ.: ಅವ್ವನಿಗೆ ಇನ್ನೂ ಗೊತ್ತಿಲ್ಲ ಎಂಬಂತೆ ಬರೆದೆ. ನೀನು ಬಂದು ಏನು ಹೇಳುತ್ತೀಯೋ ನೋಡಬೇಕೆಂದಿದ್ದೆ. ಆದರೆ ನಿನ್ನ ಹಾಗೆ ಸುಳ್ಳು ನನಗೆ ಬರುವುದಿಲ್ಲ. ಅಲ್ಲಿಗೆ ಅವ್ವನೂ ಬಂದಿದ್ದಳು. ತಾನು ಸತ್ತ ಸುದ್ದಿಯನ್ನು ದ್ಯಾವಮ್ಮ ಹೇಳುವಾಗ ಅವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ನಿನ್ನನ್ನು ಒಂದು ಮಾತೂ ಬೈದಿಲ್ಲ. ಈಗ ಈ ಕಾಗದ ಓದಿ ಹೇಳಿದಾಗ, ಒಂದನ್ನು ಮಾತ್ರ ಕೇಳಿ ಬರೆ ಅಂದಳು: "ನಾನು ಹೋಗ್ಬಿಟ್ಟೆ ಅಂದಾಗ ಅವರು ಅತ್ರಾ?"