ಕೊಕ್ಕಡದ ವರ್ಷಗಳು

ವಾಮದಪದವು
14 ಜುಲೈ 2025

ಪ್ರೀತಿಯ ತಮ್ಮ ಜಿತೇಶನಿಗೆ,

ನಿನ್ನ ಕಾಂತಿಯಕ್ಕನ ಆಶೀರ್ವಾದಗಳು. ಮಸ್ಕತ್ತಿನಲ್ಲಿ ನೀನೂ ವಿಜೇತಾಳೂ ಸೌಖ್ಯವೆಂದು ನಂಬಿದ್ದೇನೆ. ತಿಂಗಳ ಹಿಂದೆಯೇ ಬರೆಯಬೇಕಿತ್ತು, ಆಸ್ಪತ್ರೆಯ ಓಡಾಟದಲ್ಲಿ ಆಗಲಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ನಮ್ಮ ತಂಗಿ ನಿಖಿತಾಳ ಹೆಸರೆತ್ತಿದರೆ ಸಾಕು, ನಿನಗೆ ಡ್ಯೂಟಿಯ ನೆನಪಾಗುತ್ತದೆ. ಕಾಗದ ಮಧ್ಯದಲ್ಲಿ ಕಟ್ ಆಗುವುದಿಲ್ಲವಲ್ಲ.

ನೀನು ಕೇಳದೇ ಬಿಟ್ಟದ್ದನ್ನು ಹೇಳುತ್ತೇನೆ. ಮೇ ಕೊನೆಗೆ ಮೂಡುಬಿದಿರೆಯಿಂದ ಅವಳು ಕೆಲಸ ಮಾಡುವ ಝೆರಾಕ್ಸ್ ಅಂಗಡಿಯ ಸಾಲಿಹಾ ಫೋನ್ ಮಾಡಿದಳು. "ಕಾಂತಿಯಕ್ಕ, ಒಮ್ಮೆ ಬನ್ನಿ. ನಿಖಿತಾ ಮೆಷಿನಿಗೆ ಶಾಲು ಹೊದಿಸಿ ಕೂತಿದ್ದಾಳೆ, ಯಾರನ್ನೂ ಮುಟ್ಟಲು ಬಿಡುವುದಿಲ್ಲ." ನಾನು ಹೋದಾಗ ನಿಖಿತಾ ನನ್ನ ಕಿವಿಯಲ್ಲಿ, "ಅಕ್ಕ, ಇದು ನನ್ನ ಮುಖವನ್ನು ಕೊಕ್ಕಡಕ್ಕೆ ಕಳಿಸ್ತಾ ಉಂಟು. ಮಾವ ಬೈಯುವುದು ಕೇಳ್ತದೆ" ಅಂದಳು. ಅಲ್ಲಿ ಯಾವ ಮಾವನೂ ಇರಲಿಲ್ಲ. ವಾರದಿಂದ ಅವಳು ನಿದ್ದೆ ಮಾಡಿರಲಿಲ್ಲ.

ಊರವರು ಯಾರೋ ಮಾಟ ಮಾಡಿದ್ದಾರೆ ಎಂದರು. ನನ್ನ ಗಂಡ ಮದುವೆ ಮಾಡಿದರೆ ಸರಿಹೋಗುತ್ತದೆ ಎಂದರು. ಎಲ್ಲರ ಬಾಯಿ ಮುಚ್ಚಿಸಿ ಮಾನಸಿಕ ರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಷ್ಟರಲ್ಲಿ ನಾನೇ ಅರ್ಧ ಸತ್ತೆ. ಡಾಕ್ಟರ್ ಮಿಸ್ರಿಯಾ ಚಿಕ್ಕ ಪ್ರಾಯದವರು, ಒಳ್ಳೆಯವರು. ಮಾತ್ರೆ ಶುರುವಾಗಿ ಐದು ವಾರವಾಯಿತು. ಈಗ ನಿದ್ದೆ ಮಾಡುತ್ತಾಳೆ, ದನಿಗಳು ದೂರ ಹೋಗಿವೆಯಂತೆ.

ಡಾಕ್ಟರು ಅವಳ ಬಾಲ್ಯದ ಬಗ್ಗೆ ಕೇಳಿದರು. ಅಮ್ಮ ತೀರಿಕೊಂಡಾಗ ಅವಳಿಗೆ ಆರು ವರ್ಷ, ಕೊಕ್ಕಡದ ಸೋದರಮಾವನ ಮನೆಗೆ ಕಳಿಸಿದೆವು ಎಂದೆ. ಆಗ ನಿಖಿತಾ ನೆಲ ನೋಡುತ್ತಲೇ ಹೇಳಿದಳು. ಹಾಸಿಗೆ ಒದ್ದೆ ಮಾಡಿದರೆ ಶೀನಪ್ಪ ಮಾವ ಬೆಲ್ಟಿನಿಂದ ಹೊಡೆದು, ರಬ್ಬರ್ ಶೀಟಿಗೆ ಹೊಗೆ ಹಾಕುವ ಕೋಣೆಯಲ್ಲಿ ಕೂಡಿ ಹಾಕುತ್ತಿದ್ದರಂತೆ. ಹತ್ತು ವರ್ಷ, ಜಿತೇಶ.

"ಪೆಟ್ಟು, ಹೆದರಿಕೆಯಲ್ಲಿ ಬೆಳೆದವರಿಗೆಲ್ಲ ಹೀಗಾಗುತ್ತದೆ ಅಂತ ಅಲ್ಲ" ಎಂದರು ಡಾಕ್ಟರು. "ಆದರೆ ಅಂಥವರಿಗೆ ದೊಡ್ಡವರಾದ ಮೇಲೆ ಈ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಮದ್ದು ಬೇಕು, ಜೊತೆಗೆ ಅವಳ ಮಾತನ್ನು ನಂಬುವವರೂ ಬೇಕು."

ನಾನು ಕೊಕ್ಕಡಕ್ಕೆ ಹೋಗಿ ಕೇಳಿದೆ. ಮಾವ ಕುರ್ಚಿಯಿಂದ ಏಳಲಿಲ್ಲ. "ಎಂತ ಮಾರಾಯ್ತಿ, ಅನ್ನ ಹಾಕಿ ಓದಿಸಿದ್ದಕ್ಕೆ ಇದಾ ಮರ್ಯಾದೆ? ಮಕ್ಕಳಿಗೆ ನಾಲ್ಕು ಪೆಟ್ಟು ಕೊಡದವರು ಯಾರು?" ಎಂದರು. ಅತ್ತೆ ಒಳಗಿನಿಂದ ಹೊರಗೆ ಬರಲೇ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಸಿಟ್ಟಿಗೆ ನನಗೆ ಅಳು ಬಂತು.

ಫೋನಿನಲ್ಲಿ ಇದರ ಮಾತೆತ್ತಿದ ಕೂಡಲೇ ನೀನು, "ಹಳೇದನ್ನು ಕೆದಕಿ ಎಂತ ಸಿಗ್ತದೆ ಅಕ್ಕ?" ಎಂದೆ. ಕೆದಕುತ್ತಿರುವುದು ನಾನಲ್ಲ ಮಾರಾಯ. ಅದು ಅವಳ ತಲೆಯೊಳಗೆ ತಾನಾಗಿಯೇ ಮಾತಾಡುತ್ತಿದೆ. ನಿನಗೆ ಆಗ ಹದಿನೇಳು ವರ್ಷ, ಮುಂಬೈ ಹೋಟೆಲಿನಲ್ಲಿ ದುಡಿಯುತ್ತಿದ್ದೆ. ನಿನ್ನನ್ನು ಯಾರೂ ದೂರುವುದಿಲ್ಲ. ಅವಳಿಗೆ ಒಂದು ಫೋನ್ ಮಾಡಿ, "ನೀನು ಹೇಳಿದ್ದನ್ನು ನಂಬ್ತೇನೆ" ಎಂದು ಹೇಳು. ಅಷ್ಟೇ ಸಾಕು.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಇಂತು ನಿನ್ನ ಅಕ್ಕ,
ಕಾಂತಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ನಿಖಿತಾ ಒಬ್ಬಳೇ ಬಸ್ಸು ಬದಲಿಸಿಕೊಂಡು ನನ್ನ ಮನೆಗೆ ಓಡಿ ಬಂದಿದ್ದಳು. ಬೆನ್ನಿನ ಮೇಲಿನ ಬಾಸುಂಡೆ ತೋರಿಸಿದಳು. ನಾನು ಬಸುರಿ, ಗಂಡನ ಅಮ್ಮನ ಮುಖ ಗಂಟಿಕ್ಕಿತ್ತು. ಮರುದಿನ ದೋಸೆ ಕೊಟ್ಟು, ಕೊಕ್ಕಡದ ಬಸ್ಸಿನಲ್ಲಿ ಕೂರಿಸಿ ಎಂದು ಕಂಡಕ್ಟರಿಗೆ ಹೇಳಿ ಬಸ್ಸು ಹತ್ತಿಸಿದೆ. ಮೊನ್ನೆ ಡಾಕ್ಟರು, "ಆಗ ಯಾರಿಗಾದರೂ ಹೇಳಿದ್ದಳಾ?" ಎಂದು ಕೇಳಿದರು. ನಾನು ಇಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ಅವಳು ನನ್ನ ಮುಖ ನೋಡಿ, "ಹೌದು ಡಾಕ್ಟ್ರೇ, ಯಾರಿಗೂ ಹೇಳಿಲ್ಲ" ಎಂದಳು.