ಸಿಮೆಂಟಿಲ್ಲದ ಸೊಂಟ, ಕದ್ದ ಕೋಲು

ಹೊನ್ನಾಳಿ
ಅಕ್ಟೋಬರ್ 1988

ಪ್ರೀತಿಯ ರುದ್ರಾಣಿ ಅಕ್ಕನಿಗೆ ಶರಣು.

ಪಂಚಭೂತಗಳ ಸಾಕ್ಷಿಯಾಗಿ, ಸ್ವಸ್ಥಚಿತ್ತದಿಂದ, ಕೈಮುಗಿದು ಒಪ್ಪಿಕೊಳ್ಳುತ್ತೇನೆ: ಜಗಳೂರಿನ ನಿನ್ನ ಹೊಸ ಮನೆಯ ಬಾಗಿಲ ಸಂದಿಯಲ್ಲಿದ್ದ ಬೆತ್ತದ ಕೋಲನ್ನು ಕದ್ದವನು ನಾನೇ. ಗೃಹಪ್ರವೇಶಕ್ಕೆ ಬಂದ ಬೀಗರನ್ನು ನೀನು ಅನುಮಾನಿಸಿದ್ದು ಸಾಕು. ಬೀಗರು ಬೀಗ ಒಡೆಯುವವರಲ್ಲ, ಕಳ್ಳ ಒಡಹುಟ್ಟಿದವನೇ.

ಅದು ಸಣ್ಣ ಅಪರಾಧ. ದೊಡ್ಡದು ಇನ್ನೂ ಮುಂದಿದೆ.

ದೀಪಾವಳಿ ಕಳೆದ ಮೇಲೆ ನೀನೂ ಆಪರೇಷನ್ ಮಾಡಿಸಿಕೊಳ್ಳುತ್ತೀಯೆಂದು ಭಾವ ಬರೆದಿದ್ದಾರೆ. ನನ್ನ ಸೊಂಟದ ಕೀಲು ಬದಲಿಸಿದ ಅದೇ ಆಸ್ಪತ್ರೆಯಂತೆ, ಎಲುಬಿಗೆ ಸಿಮೆಂಟ್ ಹಾಕಿ ಅಂಟಿಸದ ಅದೇ ಲೋಹದ ಕೀಲಂತೆ. “ಜಯದೇವ ಹೇಳಿದಾನಲ್ಲ, ಇನ್ಯಾಕೆ ಯೋಚನೆ” ಅಂದೆಯಂತೆ. ಆ ಸಾಲು ಓದಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಗೃಹಪ್ರವೇಶದ ದಿನ ನೀನು ಕೇಳಿದ್ದು ನೆಟ್ಟಗಿನ ಪ್ರಶ್ನೆ: “ಲೋ, ತಮಾಷೆ ಬಿಟ್ಟು ಹೇಳು. ಅದು ಎಷ್ಟು ವರ್ಷ ತಡೀತೈತೆ?” ನೀನು ಸೊಂಟ ಹಿಡಿದುಕೊಂಡು ಕೇಳಿದೆ, ನಾನು ಸಭೆಯ ಮುಖ ನೋಡಿಕೊಂಡು ಉತ್ತರಿಸಿದೆ: “ಸೂಳೆಕೆರೆ ಏರಿಗೆ ಯಾವ ಸಿಮೆಂಟ್ ಹಾಕಿದ್ರಕ್ಕಾ? ನಿಂತಿಲ್ವಾ ನೂರಾರು ವರ್ಷದಿಂದ? ನಂದೂ ಹಂಗೇ. ಸಿಮೆಂಟ್ ಬೇಕಾಗಿದ್ದು ನಿನ್ನ ಮನೆಗೆ, ನನ್ನ ಸೊಂಟಕ್ಕಲ್ಲ!” ಎಲ್ಲರೂ ನಕ್ಕರು. ನೀನೊಬ್ಬಳು ನಂಬಿದೆ. ಎಲುಬಿನ ವಿಷಯವನ್ನು ಎಲುಬಿಲ್ಲದ ನಾಲಿಗೆಗೆ ಬಿಟ್ಟರೆ ಇಷ್ಟೇ.

ಡಾಕ್ಟರು ಹೇಳಿದ್ದೇ ಬೇರೆ. “ಈ ಲೋಹದ ಮೈ ತರಿತರಿಯಾಗಿದೆ, ನಿಮ್ಮ ಎಲುಬೇ ಅದರೊಳಕ್ಕೆ ಬೆಳೆದು ಹಿಡಿಯಬೇಕು. ಹಿಡಿದರೆ ಬಹುಕಾಲ ಬಾಳೀತು. ಎಷ್ಟು ಕಾಲ ಅಂತ ಹೇಳೋದಕ್ಕೆ ಈ ಪದ್ಧತಿಗೇ ಇನ್ನೂ ಅಷ್ಟು ವಯಸ್ಸಾಗಿಲ್ಲ. ನೆಲದ ಮೇಲೆ ಮಾತ್ರ ಕೂರಬೇಡಿ.” ಇದನ್ನು ನಾನು ನಿನಗೆ ಹೇಳಲಿಲ್ಲ. ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ.

ಊಟದ ಪಂಕ್ತಿಯಲ್ಲಿ ಭಾವ ನನಗೆಂದೇ ಕುರ್ಚಿ ಹಾಕಿಸಿದರು. ಎಲ್ಲರ ಎಲೆ ನೆಲದ ಮೇಲಿರುವಾಗ ನಾನೊಬ್ಬ ಮೇಲೆಯೇ? ಕುರ್ಚಿ ಸರಿಸಿ, ಚಕ್ಕಳಮಕ್ಕಳ ಹಾಕಿ, “ನೋಡ್ರಪ್ಪಾ!” ಅಂದೆ. ನೀನು ಕಣ್ಣರಳಿಸಿ ನೋಡಿದೆ. ಬಹುಶಃ ಆಗಲೇ ತೀರ್ಮಾನಿಸಿಬಿಟ್ಟೆ.

ಅಕ್ಕ, ಆಪರೇಷನ್ನಿಗೆ ಒಪ್ಪುವ ಮುಂಚೆ ಆ ಡಾಕ್ಟರನ್ನು ನೀನೇ ಕೇಳು: ಸಿಮೆಂಟ್ ಹಾಕಿದ್ದು ಎಷ್ಟು ಬಾಳುತ್ತದೆ, ಹಾಕದ್ದು ಎಷ್ಟು. ನನ್ನ ಮಾತು ಹಿಡಿಯಬೇಡ. ಪಂಕ್ತಿ ಎದ್ದ ಮೇಲೂ “ಪಾಯಸ ಇನ್ನೊಂದು ಸುತ್ತು ಬರಲಿ” ಎಂದು ಕೂತಿದ್ದೆನಲ್ಲ, ಅದು ಪಾಯಸದ ಆಸೆಯಲ್ಲ. ಏಳಲಾಗಲಿಲ್ಲ. ಎಂಜಲೆಲೆ ಎತ್ತಲು ಬಂದ ದುರುಗಕ್ಕ, ಗಿಡ್ಡಪ್ಪ ಸೇರಿ ಎಲೆಗಿಂತ ಮೊದಲು ನನ್ನನ್ನು ಎತ್ತಿದರು. “ಯಾರಿಗೂ ಹೇಳಾಕೆ ಹೋಗಬ್ಯಾಡ್ರಿ” ಅಂದೆ. ಬಾಗಿಲ ಸಂದಿಯ ಕೋಲು ನನ್ನ ಕೈ ಸೇರಿದ್ದು ಆಗಲೇ. ಅವತ್ತಿನಿಂದ ತೊಡೆಯೊಳಗಿನ ನೋವು ಬಿಟ್ಟಿಲ್ಲ. ಎಲುಬು ಲೋಹವನ್ನು ಸರಿಯಾಗಿ ಹಿಡಿದೇ ಇಲ್ಲವೆಂದು ಮೊನ್ನೆಯ ಎಕ್ಸ್‌ರೇ ಹೇಳಿತು. ನಾನು ಕೂತದ್ದರಿಂದಲೋ, ಮೊದಲಿಂದಲೋ, ಡಾಕ್ಟರಿಗೂ ಗೊತ್ತಿಲ್ಲ.

ಕೋಲಿಲ್ಲದೆ ನೀನೀಗ ಗೋಡೆ ಹಿಡಿದು ಓಡಾಡುತ್ತೀಯಂತೆ. ಈ ಊರಲ್ಲಿ ಕೊಂಡರೆ ಬಡಾಯಿ ಬಯಲಾದೀತೆಂದು, ನ್ಯಾಮತಿಯಿಂದ ಹೊಸ ಕೋಲು ತರಿಸಿ ನಿನಗೆ ಕಳಿಸಿದ್ದೇನೆ. ನಿನ್ನ ಹೆಜ್ಜೆ ನಿನ್ನ ಮಾತಿನಷ್ಟೇ ನೆಟ್ಟಗಾಗಲಿ. ಹಳೆಯದು ನನ್ನ ಹತ್ತಿರವೇ ಇರಲಿ. ಇನ್ನು ಬಡಾಯಿ ಬಯಲಾದರೆ ಆಗಲಿ, ಈ ಕಾಗದ ಪೋಸ್ಟ್ ಡಬ್ಬ ಮುಟ್ಟಬೇಕಾದರೂ ನನಗೆ ಅದೇ ಬೇಕು.

ಇಂತಿ ನಿನ್ನ ಕೋಲುಗಳ್ಳ ತಮ್ಮ,
ಜಯದೇವ